ನೆಟ್ಟಗೆ ಇಳಿದ ಗಜ್ಜರಿ

ಹಿತ್ತಲ ತುಂಬ ಗರಸು ಮಣ್ಣು. ಸೊಸೆ ಕಿತ್ತ ಗಜ್ಜರಿಯೆಲ್ಲ ಕಲ್ಲಿಗೆ ತಾಗಿ, ಎರಡು ಕಾಲು ಮೂರು ಕಾಲು ಒಡೆದು ಸೊಟ್ಟಗಾಗಿದ್ದವು. ಹೋದ ವರ್ಷ ಹೆರಿಗೆಗೆ ಹೋಗಿ ಬರಿಗೈಯಲ್ಲಿ ಮರಳಿದ ಮೇಲೆ ಅವಳು ಮನಸ್ಸಿಟ್ಟು ಮಾಡಿದ ಮೊದಲ ಕೆಲಸ ಇದು. ಬೇಸರದಿಂದ ಏಳುವ ಮುನ್ನ ದಾಸವಾಳದ ಬುಡದಲ್ಲಿ ಒಂದನ್ನು ಎಳೆದಳು. ಗೇಣುದ್ದದ ಗಜ್ಜರಿ ನುಣ್ಣಗೆ, ನೆಟ್ಟಗೆ ಬಂತು. ಪಕ್ಕದ್ದೂ ಹಾಗೆಯೇ. ಅಲ್ಲೇ ಸೆರಗಿಗೆ ಒರೆಸಿ ಕಚ್ಚುತ್ತ ಅತ್ತೆಯ ಮುಂದೆ ಬಂದು ನಿಂತಳು.

"ಅತ್ತಿ, ನೋಡ್ರಿ ಇಲ್ಲೆ! ಎಷ್ಟ ಚಂದ ಇಳದಾವ."

ಅತ್ತೆ ಸೋಸುತ್ತಿದ್ದ ಮೆಂತೆ ಸೊಪ್ಪು ಕೆಳಗಿಟ್ಟಳು. "ಎಲ್ಲಿವು?"

"ದಾಸಾಳ ಗಿಡದ ಬುಡಕ."

"ಅಲ್ಲೆ ಬಿತ್ತಬ್ಯಾಡ ಅಂದಿದ್ನಲ್ಲಾ?"

"ಒಂದ ಹಿಡಿ ಬೀಜ ಉಳದಿತ್ತರಿ."

"ಉಗುಳು. ಮೊದ್ಲ ಉಗುಳು ಅದನ್ನ."

"ಯಾಕ್ರಿ? ಬೆಲ್ಲದಂಗ ಅದಾವ." ಸೊಸೆ ನಕ್ಕಳು. "ಅಲ್ಲೆ ಯಾರೋ ಆಳಕ್ಕ ಅಗದು, ಹರಳೆಲ್ಲಾ ಆರಿಸ್ಯಾರ. ಇಲ್ಲಾಂದ್ರ ಹಿಂಗ ನೆಟ್ಟಗ ಇಳಿಯಂಗಿಲ್ಲ. ಯಾರ ಅಗದಿದ್ರು?"

"ನಿನ್ನ ಗಂಡ."

"ಅವರು ಗುದ್ದಲಿ ಹಿಡದಿದ್ದು ನಾ ಒಂದಿನಾನೂ ಕಂಡಿಲ್ಲ."

"ನೀ ಆಗ ಇನ್ನೂ ದವಾಖಾನ್ಯಾಗ ಇದ್ದಿ." ಅತ್ತೆ ಅವಳ ಮುಖ ನೋಡಲಿಲ್ಲ. "ಹಡದಾಕಿಗೆ ಜಾಗಾ ತೋರಿಸಬಾರದಂತ ನಾನ ಅವಗ ಆಣಿ ಹಾಕಿದ್ದೆ. ಕೂಸಿಗೆ ಚುಚ್ಚಬಾರದಂತ ಒಂದೊಂದ ಹರಳೂ ಕೈಲೆ ಆರಿಸಿದಾ."