ಬಾಣಂತಿ ಹದ್ದು

ಬಿಳಿಜೋಳದ ಕೊಯ್ಲು ನಡೆದಿತ್ತು. ದುರ್ಗವ್ವ, ಮೃಗಾಲಯ ಮುಚ್ಚಿದಾಗ ಊರಿನ ಪಾಲಿಗೆ ಬಂದಿದ್ದ ಎರಡು ಹದ್ದುಗಳಿಗೆ ಎಂದಿನಂತೆ ಮಾಂಸ ಹೆಚ್ಚುತ್ತಿದ್ದಳು. ಒಂದು ಆಫ್ರಿಕಾದ್ದು, ಇನ್ನೊಂದು ಫಿಲಿಪೀನ್ಸಿನದು. ಲೋಕದಲ್ಲಿ ತಮ್ಮ ತಮ್ಮ ಜಾತಿಗೆ ಕೊನೆಯವು. ಇನ್ನು ಮೇಲೆ ಮಾಂಸ ಒಂದಕ್ಕಷ್ಟೇ, ಇನ್ನೊಂದನ್ನು ಇಂದೇ ಕೊಲ್ಲಬೇಕು ಎಂಬ ಸರ್ಕಾರದ ಕಾಗದ ಹಿಡಿದು ದನದ ಡಾಕ್ಟರು ಬಂದಿದ್ದರು.

"ಆಫ್ರಿಕಾದ್ದು ಪ್ರಾಯದ್ದು, ಗಟ್ಟಿಮುಟ್ಟು. ಈ ಫಿಲಿಪೀನ್ಸ್ ಮುದುಕಿ ಕೂತಲ್ಲೇ ತೂಕಡಿಸುತ್ತೆ. ಸಾಕಿದವಳು ನೀನು, ಇದನ್ನೇ ಕೊಲ್ಲೋಕೆ ಕಾಗದಕ್ಕೆ ಹೆಬ್ಬೆಟ್ಟು ಒತ್ತವ್ವಾ."

"ತೂಕಡಸೋದಲ್ರೀ, ಮೊಟ್ಟಿ ಮ್ಯಾಲ ಕುಂತೈತಿ. ಬಾಣಂತಿನ್ನ ಯಾರರ ಹೊರಗ ಹಾಕ್ತಾರೇನ್ರಿ?"

"ಗಂಡಿಲ್ಲದ ಮೊಟ್ಟೆ ಅದು. ಮರಿ ಆಗಲ್ಲ."

"ಅಕಿಗೆ ಅದು ಗೊತ್ತಿಲ್ಲಲ್ರೀ."

ಡಾಕ್ಟರು ಸೂಜಿಗೆ ಮದ್ದು ತುಂಬಿಕೊಂಡು ಆಫ್ರಿಕಾದ ಹದ್ದಿನ ಪಂಜರದತ್ತ ನಡೆದರು.

"ಒಂದೀಟು ತಡೀರಿ, ಉಣ್ಲಿ," ಎಂದು ದುರ್ಗವ್ವ ದೊಡ್ಡ ತುಂಡುಗಳನ್ನೆಲ್ಲ ಅದರ ಮುಂದೆ ಸುರಿದಳು. ಅದು ತಿಂದು ಮುಗಿಸುವವರೆಗೂ ಡಾಕ್ಟರು ಸೂಜಿಯನ್ನು ಬೆನ್ನ ಹಿಂದೆ ಹಿಡಿದುಕೊಂಡೇ ನಿಂತರು.