ಅಣ್ಣ ತೋರಿಸಿದ ದಿಕ್ಕು

"ಬಾವುಟ ಎಡಕ್ಕಿದೆ. ಆರಾಮಾಗಿ ಎಡಕ್ಕೇ ಹೊಡಿ," ಎಂದ ಹಮ್ಮಾದಿ, ಚೀಲದಿಂದ ಕೋಲೊಂದನ್ನು ಎಳೆದು ತಮ್ಮನ ಕೈಗೆ ಕೊಡುತ್ತ.

ಬಾವುಟ ಇದ್ದದ್ದು ಬಲಕ್ಕೆ. ಮರಳುಗುಂಡಿಯ ಪಕ್ಕದಲ್ಲಿ, ಸಮುದ್ರದ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಎಡಕ್ಕೆ ಇದ್ದವನು ಹಳದಿ ಅಂಗಿ ತೊಟ್ಟು ಜನರನ್ನು ತಡೆಯುತ್ತಿದ್ದ ಕಾವಲಿನವನು.

ಬೂಶಾಯಿಬ್ ಕೋಲು ಹಿಡಿದು ಬಾವುಟವನ್ನೊಮ್ಮೆ, ಕಾವಲಿನವನನ್ನೊಮ್ಮೆ ನೋಡಿದ. ಕಡಲ ದಂಡೆಯ ಎಲ್ ಜದೀದಾ ಊರಿನ ಗಾಲ್ಫ್ ಪಂದ್ಯದ ಕೊನೆಯ ಕುಳಿ ಅದು. ಅವನೂ ಎದುರಾಳಿ ಫ್ರೆಂಚ್ ಆಟಗಾರನೂ ಸಮಸಮ. ಸಕ್ಕರೆ ಕಾಯಿಲೆ ಅಣ್ಣನ ಕಣ್ಣಿಗೆ ಇಳಿದಿದೆ ಎಂಬುದು ಅವನಿಗೆ ರಂಜಾನಿನಿಂದಲೂ ಗೊತ್ತು. ತಮ್ಮನಿಗೆ ಗೊತ್ತಾಗಿದೆ ಎಂಬುದು ಅಣ್ಣನಿಗೆ ಗೊತ್ತಿಲ್ಲ. ಈ ಪಂದ್ಯದುದ್ದಕ್ಕೂ ಹಮ್ಮಾದಿ ಬಾಯಿ ತೆರೆಯುವ ಮೊದಲೇ "ಬಲಕ್ಕಲ್ವಾ ಅಣ್ಣಾ?" ಎಂದು ತಾನೇ ಕೇಳಿ ಕೇಳಿ ಹೇಗೋ ದಾಟಿಸಿಕೊಂಡು ಬಂದಿದ್ದ. ಈಗ ಅಣ್ಣನೇ ಮುಂದಾಗಿಬಿಟ್ಟಿದ್ದ.

ಮೀನಿನ ಗಾಡಿಯವನ ಮಕ್ಕಳು ಅವರು. ಇದೇ ಮೈದಾನದ ಬೇಲಿ ನುಸುಳಿ, ಬರಿಗಾಲಲ್ಲಿ ಓಡಾಡಿ ಚೆಂಡು ಹೆಕ್ಕಿ, ತುಕ್ಕು ಹಿಡಿದ ಒಂದೇ ಕೋಲಿನಲ್ಲಿ ಇಬ್ಬರೂ ಆಟ ಕಲಿತಿದ್ದರು. ಒಬ್ಬನಿಗಷ್ಟೇ ತರಬೇತಿ ಕೊಡುತ್ತೇವೆ ಎಂದು ಕ್ಲಬ್ಬಿನವರು ಹೇಳಿದಾಗ, ಇಬ್ಬರಲ್ಲಿ ಚೆನ್ನಾಗಿ ಆಡುತ್ತಿದ್ದ ಹಮ್ಮಾದಿ ತಮ್ಮನನ್ನು ಮುಂದಕ್ಕೆ ತಳ್ಳಿ ತಾನು ಅವನ ಕೋಲುಗಳ ಚೀಲ ಹೆಗಲಿಗೇರಿಸಿದ. ಅಂದಿನಿಂದ ಬೂಶಾಯಿಬ್ ಆಡಿದ ಊರುಗಳೆಷ್ಟೋ ಬದಲಾದವು, ಆ ಹೆಗಲು ಬದಲಾಗಲಿಲ್ಲ.

"ಬಿಸ್ಮಿಲ್ಲಾ," ಎಂದುಕೊಂಡು ಬೂಶಾಯಿಬ್ ಬೀಸಿದ. ಚೆಂಡು ಗಾಳಿಯಲ್ಲಿ ತೇಲಿ ಬಾವುಟದ ಹತ್ತಿರವೇ ಇಳಿಯಿತು. ಬಲಗಡೆಯಿಂದ ಜನರ ಚಪ್ಪಾಳೆ ಎದ್ದಿತು. ಎಡಕ್ಕೆ ಮುಖ ಮಾಡಿ ನಿಂತಿದ್ದ ಹಮ್ಮಾದಿ ನಿಧಾನವಾಗಿ ಆ ಕಡೆ ತಿರುಗಿದ.

ಇಬ್ಬರೂ ಹುಲ್ಲಿನ ಮೇಲೆ ಬಾವುಟದತ್ತ ನಡೆದರು.

"ಯಾವತ್ತಿಂದ ಗೊತ್ತು?" ಎಂದ ಹಮ್ಮಾದಿ.

"ರಂಜಾನ್‌ನಿಂದ."

"ನಿಮ್ಮತ್ತಿಗೆ ಬಾಯಿ ಬಿಟ್ಲಾ?"

"ಪಾಪ, ಅತ್ತಿಗೆ ಏನೂ ಹೇಳ್ಲಿಲ್ಲ. ಉಪವಾಸ ಬಿಡೋವಾಗ ಖರ್ಜೂರದ ತಟ್ಟೆ ಎದುರಿಗೇ ಇತ್ತು, ನೀನು ಪಕ್ಕದಲ್ಲೆಲ್ಲ ತಡಕಾಡ್ತಿದ್ದೆ."

ಹಮ್ಮಾದಿ ಇನ್ನೂ ನಾಲ್ಕು ಹೆಜ್ಜೆ ಇಟ್ಟವನು ಗಕ್ಕನೆ ನಿಂತ. "ಮರಾಕೇಶ್ ಪಂದ್ಯ ರಂಜಾನ್ ಆದ್ಮೇಲಲ್ವೇನೋ?"

ಬೂಶಾಯಿಬ್ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡ.

"ಅಲ್ಲಿ ನಾನು ತೋರಿಸಿದ ಕಡೆಗೇ ಹೊಡ್ದೆ. ಚೆಂಡು ಸೀದಾ ಕೆರೆಗೆ ಹೋಯ್ತು. ಗೊತ್ತಿದ್ದೂ ಹೊಡ್ದ್ಯಾ?"

"ಸುತ್ತ ಜನ ಇದ್ರು ಅಣ್ಣಾ. ಅಷ್ಟು ಜನರ ಮುಂದೆ ನಿನ್ನ ಮಾತು ಹೇಗೆ ಮೀರ್ಲಿ?"

"ಕತ್ತೆ!" ಹಮ್ಮಾದಿ ಹೆಗಲ ಮೇಲಿನ ಚೀಲದ ಪಟ್ಟಿ ಎಳೆದುಕೊಂಡ. "ನಾನು ಹೊರ್ತೀನಿ ಅಂದಿದ್ದು ನಿನ್ನ ಚೀಲ ಕಣೋ. ನಿನ್ನ ಕನಿಕರ ಅಲ್ಲ. ನನ್ನ ಆಟ ನಿನಗೆ ಬಿಟ್ಟುಕೊಟ್ಟಿದ್ದು ನೀನು ನನಗೋಸ್ಕರ ಸೋಲ್ಬೇಕು ಅಂತಲ್ಲ."

ಬೂಶಾಯಿಬ್ ತಲೆ ತಗ್ಗಿಸಿದ. ಹಮ್ಮಾದಿ ಕುಳಿಯ ಸುತ್ತಲಿನ ನುಣ್ಣನೆ ಹುಲ್ಲಿನಂಚಿಗೆ ಬಂದು ಚೀಲ ಇಳಿಸಿದ. ಪ್ರತಿ ಸಲ ಮಂಡಿಯೂರಿ ಇಳಿಜಾರು ನೋಡಿ ಹೇಳುತ್ತಿದ್ದವನು ಈ ಸಲ ಬಗ್ಗಲಿಲ್ಲ. "ಹೋಗು, ನೀನೇ ನೋಡ್ಕೊಂಡು ಹೊಡಿ," ಎಂದ.

ಫ್ರೆಂಚ್ ಆಟಗಾರನ ಚೆಂಡು ಕುಳಿಯ ಅಂಚು ಸವರಿಕೊಂಡು ಮುಂದೆ ಹೋಯಿತು. ಬೂಶಾಯಿಬ್ ತನ್ನ ಚೆಂಡನ್ನು ಮೆಲ್ಲಗೆ ತಳ್ಳಿದ. ಅದು ಉರುಳಿ, ಕೊಂಚ ಬಾಗಿ, ಕುಳಿಯೊಳಗೆ ಬಿತ್ತು. ಪಂದ್ಯ ಅವನದಾಯಿತು. ಜನ ಕೂಗಿಕೊಂಡರು, ಹೆಂಗಸರು ನಾಲಿಗೆ ಹೊರಳಿಸಿ ಯೂಯೂ ಎಂದು ಸಂತಸದ ಕೇಕೆ ಹಾಕಿದರು.

ಸಮುದ್ರದ ಮೇಲೆ ಇಳಿಯುತ್ತಿದ್ದ ಬಿಸಿಲು ಅಣ್ಣನ ಕಣ್ಣಿಗೇ ಹೊಡೆಯುತ್ತಿತ್ತು. ಹಮ್ಮಾದಿ ಕೋಪವನ್ನೆಲ್ಲ ಮರೆತು, ಎರಡೂ ತೋಳು ಚಾಚಿ, ನಗುತ್ತ ಅಳುತ್ತ ಬಂದ. ಬಂದದ್ದು ಸೀದಾ ಆ ಫ್ರೆಂಚ್ ಆಟಗಾರನ ಕಡೆಗೆ. ಅವನೂ ತಮ್ಮನಷ್ಟೇ ಎತ್ತರ, ಅವನದೂ ಬಿಳಿ ಅಂಗಿ.

ಬೂಶಾಯಿಬ್ ಕೋಲು ಬಿಸುಟು ಓಡಿದ. ಓಡಿ, ಫ್ರೆಂಚನ ಮುಂದೆ ನುಗ್ಗಿ, ಆ ತೋಳುಗಳ ನಡುವೆ ನಿಂತ.

ಹಮ್ಮಾದಿ ಅವನನ್ನು ಮೂಳೆ ಮುರಿಯುವಂತೆ ತಬ್ಬಿಕೊಂಡ. "ನೋಡಿದ್ಯಾ?" ಎಂದ ಕಿವಿಯಲ್ಲಿ. "ನೀನು ಎಲ್ಲಿ ನಿಂತಿದ್ರೂ ನಂಗೆ ಗೊತ್ತಾಗುತ್ತೆ."

"ಹೌದಣ್ಣಾ," ಎಂದ ಬೂಶಾಯಿಬ್, ಓಡಿ ಬಂದ ಏದುಸಿರು ಕೇಳಿಸದಂತೆ.