ಭಾನುವಾರದ ಸಿಪಾಯಿ

ಡ್ಯಾನ್ಯೂಬ್ ದಂಡೆಯ ರೋಮನ್ ಕೋಟೆಯ ಬಾಗಿಲಲ್ಲಿ ಈಟಿ ಹಿಡಿದು ನಿಂತಿದ್ದ ಸಿಪಾಯಿಯ ಎದುರಿಗೇ ಅವನ ಮಾವ ಬಂದು ನಿಂತರು. ತುಸು ಹಿಂದೆ, ನದಿಯ ಫೋಟೋ ತೆಗೆಯುತ್ತ, ಹೆಂಡತಿ ಮಧುಮತಿ.

ಶೈಲೇಶ ಈಟಿಯ ಹಿಂದೆ ಮುಖ ಮರೆಸಲು ನೋಡಿದ. ಜರ್ಮನಿ ಹೊರದೇಶದ ಕಂಪ್ಯೂಟರ್ ಇಂಜಿನಿಯರುಗಳಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಇಲ್ಲಿಗೆ ಬಂದವನು ಅವನು. ಕಂಪನಿ ಮುಚ್ಚಿ ಎರಡು ತಿಂಗಳಾಗಿತ್ತು. ಬೇರೆ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಮನೆಯಲ್ಲಿ ಹೇಳಲು ಬಾಯಿ ಬಂದಿರಲಿಲ್ಲ. ಭಾನುವಾರವೂ ಆಫೀಸಿದೆ ಎಂದು ಟೈ ಕಟ್ಟಿಕೊಂಡು ಹೊರಟು, ಇಲ್ಲಿ ಪ್ರವಾಸಿಗರಿಗಾಗಿ ಪಟ್ಟಿ ಚಪ್ಪಲಿ ಮೆಟ್ಟಿ ರೋಮನ್ ಸಿಪಾಯಿಯ ವೇಷ ಹಾಕುತ್ತಿದ್ದ. ಗದಗಿನಿಂದ ಇಷ್ಟು ದೂರ ಬಂದ ಮಾವನಿಗೆ ನೋಡಲು ಬೇರೇನೂ ಸಿಗಲಿಲ್ಲವೇ!

ಪುಣ್ಯಕ್ಕೆ ಶಿರಸ್ತ್ರಾಣ ಅರ್ಧ ಮುಖ ಮುಚ್ಚಿತ್ತು. ಮಾವ ಗುರುಬಸಪ್ಪನವರು ಸಿಪಾಯಿಯನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತ ಹಿಂದೆ ಸರಿದರು. ಹಿಂದೆ ಮೆಟ್ಟಿಲಿತ್ತು.

"ಮಾವಾರ, ಹುಷಾರ್ರೀ!"

ಬಾಯಿ ಜಾರಿತ್ತು. ಗುರುಬಸಪ್ಪ ಸಾವರಿಸಿಕೊಂಡು ಹತ್ತಿರ ಬಂದರು. "ಅಳಿಯಂದಿರ, ನೀವ ಏನ್ರಿ?"

ಶೈಲೇಶ ತಲೆ ತಗ್ಗಿಸಿದ.

ಮುದುಕರು ಮಗಳ ಕಡೆ ನೋಡಿ ದನಿ ತಗ್ಗಿಸಿದರು. "ಅಕಿಗೆ ಗೊತ್ತಾಗೋದು ಬ್ಯಾಡ್ರಿ, ಎದಿ ಒಡಕೊಂತಾಳ. ನಾ ಬಾಯಿ ಬಿಡಂಗಿಲ್ಲ. ನಿಂದರ್ರಿ, ನೆಟ್ಟಗ ನಿಂದರ್ರಿ."

ಅವನ ಕಣ್ಣು ಮಂಜಾಯಿತು. ನಾಚಿಕೆಗೋ ಸಮಾಧಾನಕ್ಕೋ, ಅವನಿಗೇ ತಿಳಿಯಲಿಲ್ಲ.

"ಅಪ್ಪಾ, ಸಿಪಾಯಿ ಜೋಡಿ ನಂದೊಂದು ಫೋಟೋ ತಗೀರಿ." ಮಧುಮತಿ ಕ್ಯಾಮೆರಾ ಕೊಟ್ಟು ಬಂದು ಪಕ್ಕದಲ್ಲಿ ನಿಂತಳು. ಗುರುಬಸಪ್ಪ ದೂರ ನಿಂತು ಗುಂಡಿ ಹುಡುಕತೊಡಗಿದರು. ಅವಳು ಕ್ಯಾಮೆರಾದತ್ತ ನಗುತ್ತಲೇ, ತುಟಿ ಅಲುಗದಂತೆ ಅಂದಳು: "ಅಪ್ಪಗ ಗೊತ್ತಾಗಬಾರದು ನೋಡ್ರಿ. ಅಳಿಯ ದೊಡ್ಡ ಇಂಜಿನಿಯರ್ ಅಂತ ಊರ ತುಂಬ ಹೇಳ್ಯಾರ."

"ನಿನಗ ಹೆಂಗ..."

"ಬೂಟು ಹಾಕ್ಕೊಂಡು ಹೋಗೋರ ಕಾಲಿಗೆ ಚಪ್ಪಲಿ ಪಟ್ಟಿ ಕಲೆ ಹೆಂಗ ಬಿತ್ತು ಅಂತ ಇವತ್ತ ತಿಳೀತು."

ಶೈಲೇಶನ ತಲೆ ಗಿರ್ರೆಂದಿತು. ಈಗ ಯಾರಿಂದ ಏನನ್ನು ಮುಚ್ಚಿಡಬೇಕು? ಮಾವನ ಮಾತು ಅವಳಿಗೆ ಹೇಳಲೇ? ಅಷ್ಟರಲ್ಲಿ ಕ್ಯಾಮೆರಾ ಕ್ಲಿಕ್ ಎಂದಿತು.

"ನಡಿಯವ್ವಾ," ಎಂದರು ಗುರುಬಸಪ್ಪ. "ಅಳಿಯಂದಿರು ಆಫೀಸಿಂದ ಬರೋ ಹೊತ್ತಾತು."

"ಹೌದ್ರಿ ಅಪ್ಪಾ," ಮಧುಮತಿ ಹಿಂತಿರುಗಿ ನೋಡದೆ ಹೆಜ್ಜೆ ಹಾಕಿದಳು. "ಪಾಪ, ಕೂತು ಕೂತು ದಣದಿರ್ತಾರ."